ಮೈಗೆಷ್ಟು, ಮೊಟ್ಟೆಗೆಷ್ಟು: ಆಯುಷ್ಯ ಮತ್ತು ಸಂತಾನದ ಲೆಕ್ಕವನ್ನು ಮನೆಯಂಗಳದಲ್ಲೇ ಇಡುವ ಕ್ರಮ

ಮಳೆಗಾಲದ ನಡುವೆ ನಾಡದೋಣಿಯವರು ತಂದ ತಾರ್ಲಿ ಮೀನನ್ನು ಕಾರವಾರದ ಮೀನುಪೇಟೆಯಲ್ಲಿ ಕೊಂಡು ಮನೆಯಲ್ಲಿ ಕೊಯ್ದರೆ ಹೊಟ್ಟೆಯ ತುಂಬ ಗಾಬೋಳಿ, ಅಂದರೆ ಮೊಟ್ಟೆಯ ಗಂಟು, ಇರುತ್ತದೆ, ಮೈ ಮಾತ್ರ ಒಣಕಲು. ಅದೇ ಮೀನನ್ನು ದೀಪಾವಳಿಯ ಹೊತ್ತಿಗೆ ತಂದರೆ ಗಾಬೋಳಿಯ ಸುಳಿವಿಲ್ಲ, ಬಾಣಲೆಗೆ ಹಾಕಿದೊಡನೆ ಅದರ ಎಣ್ಣೆಯೇ ಹರಿಯುತ್ತದೆ. ಕರಾವಳಿಯ ಅಡುಗೆಮನೆಗಳಿಗೆ ರುಚಿಯ ಸಂಗತಿಯಾಗಿ ಗೊತ್ತಿರುವ ಈ ವ್ಯತ್ಯಾಸವೇ ಜೀವಶಾಸ್ತ್ರದ ಒಂದು ದೊಡ್ಡ ಪ್ರಶ್ನೆಯ ಬಾಗಿಲು. ಮೀನು ತಿಂದ ಆಹಾರ ಮೈಗೆ ಹೋಗಬೇಕು, ಇಲ್ಲವೇ ಮೊಟ್ಟೆಗೆ ಹೋಗಬೇಕು. ಒಂದು ತುತ್ತು ಎರಡೂ ಕಡೆ ಖರ್ಚಾಗುವುದಿಲ್ಲ.

ಹೀಗೆ ಬೆಳವಣಿಗೆ, ಮೈಯ ದುರಸ್ತಿ, ರೋಗನಿರೋಧ ಮತ್ತು ಸಂತಾನ ಇವುಗಳ ನಡುವೆ ಸೀಮಿತ ಶಕ್ತಿಯನ್ನು ಹಂಚುವಾಗ ಒಂದಕ್ಕೆ ಕೊಟ್ಟದ್ದು ಇನ್ನೊಂದರಲ್ಲಿ ಕೊರತೆಯಾಗಿ ಕಾಣಿಸಿಕೊಳ್ಳುವುದನ್ನು ಈ ಬರಹದಲ್ಲಿ ‘ಹಂಚಿಕೆಯ ಬೆಲೆ’ ಎಂದು ಕರೆದಿದ್ದೇನೆ. ಪ್ರೌಢಶಾಲೆ ಮತ್ತು ಪಿಯು ವಿದ್ಯಾರ್ಥಿಗಳು, ಅವರ ಶಿಕ್ಷಕರು, ಕೊಟ್ಟಿಗೆಯಲ್ಲೋ ಅಂಗಳದಲ್ಲೋ ನಾಲ್ಕು ಪ್ರಾಣಿಗಳನ್ನು ಸಾಕಿಕೊಂಡವರು ಈ ಬೆಲೆಯನ್ನು ತಾವೇ ಅಳೆಯುವುದು ಹೇಗೆ, ಅಳೆಯುವಾಗ ಎಲ್ಲಿ ಮೋಸಹೋಗುತ್ತಾರೆ ಎಂಬುದನ್ನು ಇಲ್ಲಿ ವಿವರಿಸಿದೆ.

ಪುಸ್ತಕದ ಭಾಗ ಚಿಕ್ಕದು. ಎಳೆಯ ವಯಸ್ಸಿನಲ್ಲಿ ಸಂತಾನಕ್ಕೆ ನೆರವಾಗುವ ಒಂದು ವಂಶವಾಹಿ ಇಳಿವಯಸ್ಸಿನಲ್ಲಿ ಕೆಡುಕು ಮಾಡಿದರೂ ನಿಸರ್ಗದ ಆಯ್ಕೆ ಅದನ್ನು ಉಳಿಸಿಕೊಳ್ಳುತ್ತದೆ ಎಂದು ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ 1957ರಲ್ಲಿ ವಾದಿಸಿದರು. ಹೇಗೂ ಹೊರಗಿನ ಕಾರಣದಿಂದ ಬೇಗ ಸಾಯಬಹುದಾದ ಶರೀರದ ದುರಸ್ತಿಗೆ ಅತಿಯಾಗಿ ಖರ್ಚು ಮಾಡುವುದು ಲಾಭವಲ್ಲ ಎಂದು ಥಾಮಸ್ ಕರ್ಕ್‌ವುಡ್ 1977ರಲ್ಲಿ ಹೇಳಿದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಒಂದು ಮಳೆಗಾಲಕ್ಕೆಂದು ಕಟ್ಟುವ ಸೋಗೆಯ ತಟ್ಟಿಗೆ ಯಾರೂ ಸಾಗವಾನಿ ಕಂಬ ಹುಡುಕುವುದಿಲ್ಲ.

ಮೊದಲು ಮೋಸಹೋಗದಿರುವುದನ್ನು ಕಲಿಯಿರಿ

ಅಳತೆಗೆ ಇಳಿಯುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು; ಇದು ಅರ್ಥವಾಗದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಶಿರಸಿ ಸೀಮೆಯ ದೊಡ್ಡ ತೋಟದ ಮನೆಯವರು ಮಗಳ ಮದುವೆಯನ್ನೂ ಮಾಡುತ್ತಾರೆ, ಮನೆಗೆ ಹೊಸ ಹಂಚನ್ನೂ ಹೊದಿಸುತ್ತಾರೆ. ಕೊಳೆರೋಗದಲ್ಲಿ ಅರ್ಧ ಬೆಳೆ ಕಳೆದುಕೊಂಡ ಸಣ್ಣ ಹಿಡುವಳಿಯವರು ಎರಡನ್ನೂ ಮುಂದಕ್ಕೆ ಹಾಕುತ್ತಾರೆ. ಊರಿನ ಮನೆಗಳನ್ನೆಲ್ಲ ಸಾಲಾಗಿಟ್ಟು ನೋಡಿದವನಿಗೆ ಮದುವೆ ಮಾಡಿದ ಮನೆಗಳೇ ಹಂಚು ಬದಲಿಸಿದ ಮನೆಗಳೆಂದು ಕಂಡು, ಮದುವೆಯ ಖರ್ಚು ಮಾಡಿಗೆ ಏನೂ ತೊಂದರೆ ಮಾಡುವುದಿಲ್ಲವೆಂದು ತೋರುತ್ತದೆ. ಆದರೆ ಯಾವುದೇ ಒಂದು ಮನೆಯ ಲೆಕ್ಕದ ಪುಸ್ತಕ ತೆರೆದರೆ, ಮದುವೆಗೆ ಹೋದ ಹಣ ಹಂಚಿಗೆ ಉಳಿದಿಲ್ಲವೆಂಬುದು ಅಲ್ಲಿ ಬರೆದೇ ಇರುತ್ತದೆ.

ಪ್ರಾಣಿಗಳಲ್ಲಿಯೂ ಹೀಗೆಯೇ. ಗಳಿಕೆಯಲ್ಲಿನ ವ್ಯತ್ಯಾಸವು ಹಂಚಿಕೆಯಲ್ಲಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿದ್ದರೆ ಹಂಚಿಕೆಯ ಬೆಲೆ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದನ್ನು ವಾನ್ ನೂರ್ಡ್‌ವೈಕ್ ಮತ್ತು ಡಿ ಯಾಂಗ್ 1986ರಲ್ಲಿ ಗಣಿತದ ಮೂಲಕ ತೋರಿಸಿದರು. ಈ ಪಾಠವನ್ನು ನಾನು ಓದಿ ಕಲಿಯಲಿಲ್ಲ, ಕೆಟ್ಟು ಕಲಿತೆ. ಮನೆಯ ಊರ ಕೋಳಿಗಳ ಮೊದಲ ಪಟ್ಟಿಯಲ್ಲಿ ಹೆಚ್ಚು ಸಲ ಕಾವಿಗೆ ಕೂತ ಹೇಂಟೆಗಳೇ ಹೆಚ್ಚು ಕಾಲ ಬದುಕಿದ್ದವು; ಸಂತಾನದಿಂದ ಆಯುಷ್ಯ ಹೆಚ್ಚುತ್ತದೆ ಎಂದು ಬರೆದು ಮುಗಿಸಿಯೂ ಬಿಟ್ಟಿದ್ದೆ. ಅವು ಗೊಬ್ಬರಗುಂಡಿಯ ಬದಿಯನ್ನು ಹಿಡಿದುಕೊಂಡು ಉಳಿದವನ್ನು ಓಡಿಸುತ್ತಿದ್ದ ಗಟ್ಟಿ ಕೋಳಿಗಳೆಂದು ಮನೆಯವರು ಹೇಳಿದ ಮೇಲೆ ಪಟ್ಟಿಯನ್ನು ಹರಿದುಹಾಕಬೇಕಾಯಿತು.

ಆದ್ದರಿಂದ ನಿಯಮ ಎರಡೇ. ಸಾಧ್ಯವಾದಲ್ಲಿ ಒಂದೇ ಪ್ರಾಣಿಯನ್ನು ಅದರದೇ ಬೇರೆ ಋತುವಿನೊಂದಿಗೆ ಹೋಲಿಸಬೇಕು. ಬೇರೆ ಬೇರೆ ಪ್ರಾಣಿಗಳನ್ನು ಹೋಲಿಸಲೇಬೇಕಾದರೆ ಯಾವುದು ಮರಿ ಮಾಡಬೇಕು, ಯಾವುದು ಮಾಡಬಾರದು ಎಂಬುದನ್ನು ಪ್ರಾಣಿಯ ಇಷ್ಟಕ್ಕಾಗಲಿ ನಿಮ್ಮ ಇಷ್ಟಕ್ಕಾಗಲಿ ಬಿಡದೆ ನಾಣ್ಯ ಚಿಮ್ಮಿ ನಿರ್ಧರಿಸಬೇಕು.

ಹೇಂಟೆಗಳ ಪುಸ್ತಕ

ಈ ಕೆಲಸಕ್ಕೆ ಊರ ಕೋಳಿಗಿಂತ ಒಳ್ಳೆಯ ಪ್ರಾಣಿ ಇಲ್ಲವೆಂದೇ ನನ್ನ ಅಭಿಪ್ರಾಯ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಎಂಟು ಹತ್ತು ಹೇಂಟೆಗಳು ಸಾಕು. ಪ್ರತಿಯೊಂದರ ಕಾಲಿಗೂ ಬೇರೆ ಬಣ್ಣದ ಪ್ಲಾಸ್ಟಿಕ್ ಬಳೆ ಹಾಕಿ, ಪುಸ್ತಕದಲ್ಲಿ ಒಂದೊಂದಕ್ಕೂ ಎರಡು ಪುಟ ಬಿಡಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲು, ಕೋಳಿಯನ್ನು ಬುಟ್ಟಿಯಲ್ಲಿಟ್ಟು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ ತೆಗೆದುಕೊಂಡು, ಬುಟ್ಟಿಯ ತೂಕವನ್ನು ಕಳೆಯಿರಿ. ಸಂಜೆ ತೂಗಿದರೆ ಹೊಟ್ಟೆಯೊಳಗಿನ ಕಾಳಿನ ತೂಕವೂ ಸೇರಿ ಲೆಕ್ಕ ಅಡ್ಡದಿಡ್ಡಿಯಾಗುತ್ತದೆ. ತೂಕದ ಜೊತೆಗೆ ಇಟ್ಟ ಮೊಟ್ಟೆಗಳ ಸಂಖ್ಯೆ, ಕಾವಿಗೆ ಕೂತ ದಿನ, ಒಡೆದ ಮರಿಗಳು, ಎರಡು ತಿಂಗಳ ನಂತರ ಉಳಿದ ಮರಿಗಳು, ಮತ್ತೆ ಮೊಟ್ಟೆ ಶುರುಮಾಡಿದ ದಿನ, ಇವಿಷ್ಟನ್ನು ಬರೆಯಬೇಕು.

ಹೇಂಟೆಯೊಂದು ಕಾವಿಗೆ ಬಂದಾಗ ನಾಣ್ಯ ಚಿಮ್ಮಿ. ಒಂದು ಮುಖ ಬಿದ್ದರೆ ಹತ್ತು ಮೊಟ್ಟೆ ಇಟ್ಟು ಕೂರಿಸಿ. ಇನ್ನೊಂದು ಮುಖ ಬಿದ್ದರೆ ಕಾವು ಬಿಡಿಸಿ. ಕಾವು ಬಿಡಿಸುವುದು ನಮ್ಮ ಹೆಂಗಸರು ಮೊಟ್ಟೆಯ ಆಸೆಗೆ ಹಿಂದಿನಿಂದಲೂ ಮಾಡುತ್ತ ಬಂದ ಕೆಲಸವೇ ಆದ್ದರಿಂದ ಇದರಲ್ಲಿ ಹೊಸತೇನೂ ಇಲ್ಲ. ತಣ್ಣೀರಿನಲ್ಲಿ ಅದ್ದುವ ಪದ್ಧತಿಯನ್ನು ಮಾತ್ರ ಬಿಟ್ಟು, ಗಾಳಿಯಾಡುವ ತಂತಿ ತಳದ ಪಂಜರದಲ್ಲಿ ನೀರು ಕಾಳುಗಳೊಂದಿಗೆ ಕೆಲವು ದಿನ ಇಟ್ಟರೆ ಸಾಕಾಗುತ್ತದೆ.

ಕೂತ ಹೇಂಟೆ 21 ದಿನ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮಾತ್ರ ಎದ್ದು ಅಷ್ಟಿಷ್ಟು ತಿಂದು ಮರಳುತ್ತದೆ. ಅದರ ತೂಕ ಇಳಿಯುವುದು ತಕ್ಕಡಿಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಆಮೇಲೆ ಮರಿಗಳ ಹಿಂದೆ ಹಲವು ವಾರ ತಿರುಗುವಾಗ ಮೊಟ್ಟೆ ಇಡುವುದಿಲ್ಲ. ಕಾವು ಬಿಡಿಸಿದ ಹೇಂಟೆಯಾದರೋ ತೂಕ ಕಳೆದುಕೊಳ್ಳದೆ ಕೆಲವೇ ವಾರಗಳಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ. ಇಂದಿನ ಸಂತಾನಕ್ಕೂ ನಾಳೆಯ ಸಂತಾನಕ್ಕೂ ನಡುವಿನ ಹಂಚಿಕೆಯ ಬೆಲೆ ಇದು. ಆಯುಷ್ಯದ ಬೆಲೆ ಕಾಣಬೇಕಾದರೆ ಪುಸ್ತಕವನ್ನು ನಾಲ್ಕೈದು ವರ್ಷ ಎಳೆಯಬೇಕಾಗುತ್ತದೆ, ಒಂದು ಶಾಲಾ ಪ್ರಾಜೆಕ್ಟಿನ ಅವಧಿಯಲ್ಲಿ ಅದು ಆಗದು.

ಮೇವಿನ ವಿಷಯದಲ್ಲಿ ಎಚ್ಚರ ಬೇಕು. ಒಂದು ಮೊಟ್ಟೆಯ ಓಡಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಮೇವಿನಲ್ಲಿ ಸಾಲದಿದ್ದರೆ ಕೋಳಿ ಅದನ್ನು ತನ್ನ ಎಲುಬಿನಿಂದ ತೆಗೆಯುತ್ತದೆ. ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುವ ಫಾರಂ ಕೋಳಿಗಳಲ್ಲಿ ಎಲುಬು ಟೊಳ್ಳಾಗಿ ಮುರಿಯುವುದು ಸಾಮಾನ್ಯವಾದ ತೊಂದರೆ. ನೂರಕ್ಕಿಂತ ಕಡಿಮೆ ಇಡುವ ಊರ ಕೋಳಿಗೆ ಅದು ಅಷ್ಟಾಗಿ ಇಲ್ಲ. ಅಘನಾಶಿನಿಯ ಬಳಚಿನ ಚಿಪ್ಪನ್ನು ಕುಟ್ಟಿ ಹಾಕುವ ರೂಢಿಯಿದ್ದರೆ ಎಲ್ಲ ಹೇಂಟೆಗಳಿಗೂ ಒಂದೇ ಪ್ರಮಾಣದಲ್ಲಿ ಹಾಕಿ, ಇಲ್ಲವೇ ಯಾವುದಕ್ಕೂ ಹಾಕಬೇಡಿ. ಹಾಗೆಯೇ ಫಾರಂ ಕೋಳಿಯ ಆಯುಷ್ಯವನ್ನು ಊರ ಕೋಳಿಯ ಆಯುಷ್ಯದೊಂದಿಗೆ ಹೋಲಿಸಲು ಹೋಗಬೇಡಿ, ಏಕೆಂದರೆ ಅದನ್ನು ಸುಮಾರು ಒಂದೂವರೆ ವರ್ಷಕ್ಕೇ ಮಾಂಸಕ್ಕೆ ಮಾರಿಬಿಡುತ್ತಾರೆ. ಅಲ್ಲಿ ನೀವು ಅಳೆಯುವುದು ಮಾಲೀಕನ ಲೆಕ್ಕಾಚಾರವನ್ನು.

ಸಾವಿನ ಕಾರಣಕ್ಕೆ ಬೇರೆಯೇ ಒಂದು ಕಾಲಂ ಇರಲಿ. ಮುಂಗುಸಿ ಹೊತ್ತದ್ದು, ಕಾಡುಬೆಕ್ಕು ಹಿಡಿದದ್ದು, ರಾಣಿಖೇತ್ ರೋಗ ಬಂದದ್ದು, ಸುಮ್ಮನೆ ಸೊರಗಿ ಸತ್ತದ್ದು, ಇವುಗಳನ್ನು ಒಟ್ಟಿಗೆ ಸೇರಿಸಬಾರದು. ಕಾಡಿನಲ್ಲಿ ಹೆಚ್ಚಿನ ಪ್ರಾಣಿಗಳು ಮುದಿಯಾಗುವ ಮೊದಲೇ ಸಾಯುತ್ತವೆ, ಹಾಗಾಗಿ ಮುಪ್ಪಿನ ದೋಷಗಳನ್ನು ತೊಡೆಯಲು ನಿಸರ್ಗಕ್ಕೆ ಅವಕಾಶವೇ ಸಿಗುವುದಿಲ್ಲ ಎಂದು ಪೀಟರ್ ಮೆಡವಾರ್ 1950ರ ದಶಕದ ಆರಂಭದಲ್ಲಿ ಹೇಳಿದ್ದು ಈ ಕಾಲಮ್ಮಿನಲ್ಲಿ ನಿಮಗೇ ಕಾಣಬಹುದು. ಆದರೂ ಮುಂಗುಸಿಯ ಬಾಯಿಗೆ ಹೋದ ಹೇಂಟೆಯನ್ನು ಲೆಕ್ಕದಿಂದ ತೆಗೆದುಹಾಕಬೇಡಿ. ಮರಿಗಳೊಂದಿಗೆ ನೆಲದಲ್ಲಿ ಮಲಗಿದ್ದರಿಂದಲೇ ಅದು ಸಿಕ್ಕಿಬಿದ್ದಿದ್ದರೆ ಅದೂ ಸಂತಾನದ ಬೆಲೆಯೇ.

ಅಡುಗೆಮನೆಯ ತಕ್ಕಡಿಯಲ್ಲಿ ಮೀನು

ಮೀನಿನಲ್ಲಿ ಆಯುಷ್ಯವನ್ನು ಮನೆಯಲ್ಲಿ ಅಳೆಯಲಾಗದು, ಹಂಚಿಕೆಯನ್ನು ಅಳೆಯಬಹುದು. ತಿಂಗಳಿಗೊಮ್ಮೆ ಒಂದೇ ಅಳತೆಯ ಇಪ್ಪತ್ತು ತಾರ್ಲಿ ಅಥವಾ ಬಂಗಡೆ ತಂದು, ಮೂತಿಯಿಂದ ಬಾಲದ ತುದಿಯವರೆಗಿನ ಉದ್ದವನ್ನೂ ಇಡೀ ತೂಕವನ್ನೂ ಬರೆದು, ಕೊಯ್ದು, ಗಾಬೋಳಿಯನ್ನು ಪ್ರತ್ಯೇಕವಾಗಿ ತೂಗಿ. ಗಾಬೋಳಿಯ ತೂಕವನ್ನು ಮೀನಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯನ್ನೇ ಮೀನುಗಾರಿಕೆ ವಿಜ್ಞಾನಿಗಳೂ ಬಳಸುತ್ತಾರೆ. 90 ಗ್ರಾಂ ಮೀನಿನಲ್ಲಿ 6 ಗ್ರಾಂ ಗಾಬೋಳಿ ಇದ್ದರೆ ಅದು 6.7. ತಾರ್ಲಿಗೆ ಅರ್ಧ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು, ಸಂತೆಯ ತಕ್ಕಡಿ ನಡೆಯದು. ಕೊಯ್ಯುವವರ ಕೈಯಲ್ಲೇ ತೂಗಿಸಿಕೊಂಡು ಮತ್ತೆ ಸಾರಿಗೆ ಕೊಟ್ಟರೆ ಮನೆಯಲ್ಲಿ ಯಾರ ತಕರಾರೂ ಇರುವುದಿಲ್ಲ.

ತೊಡಕು ಇರುವುದು ಋತುವಿನಲ್ಲಿ. ತಾರ್ಲಿ ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಅಂದರೆ ಬೇಕಾದ ಎರಡು ತಿಂಗಳಲ್ಲೇ ಪೇಟೆ ಬರಿದು. ನಾಡದೋಣಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಸಿಗದ ತಿಂಗಳನ್ನು ಖಾಲಿ ಬಿಡಿ, ಹಿಂದಿನ ಮುಂದಿನ ತಿಂಗಳ ಸರಾಸರಿಯಿಂದ ತುಂಬಬೇಡಿ.

ಬಲೆ ಕೂಡ ಈ ಲೆಕ್ಕದಲ್ಲಿ ಕೈಹಾಕುತ್ತದೆ. ದೊಡ್ಡ ಮೀನುಗಳನ್ನೇ ಹಿಡಿಯುತ್ತ ಹೋದರೆ ದೊಡ್ಡದಾಗುವ ಮೊದಲೇ ಮೊಟ್ಟೆಗೆ ಬರುವ ಮೀನುಗಳಿಗೆ ಮೇಲುಗೈಯಾಗುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನುಗಾರಿಕೆಯನ್ನು 1992ರಲ್ಲಿ ಮುಚ್ಚುವ ಮೊದಲೇ ಅಲ್ಲಿನ ಮೀನುಗಳು ಎಳೆಯ ವಯಸ್ಸಿಗೇ ಬಲಿಯತೊಡಗಿದ್ದವು. ಸೊಳ್ಳೆಮರಿ ತಿನ್ನಲೆಂದು ನಮ್ಮ ಬಾವಿ ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನಿನ ಮೇಲೆ ಅದರ ತವರಾದ ಟ್ರಿನಿಡಾಡಿನಲ್ಲಿ ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇನ್ನೂ ನೇರವಾದದ್ದು. ಬಲಿತ ಗಪ್ಪಿಗಳನ್ನು ಹಿಡಿದು ತಿನ್ನುವ ಮೀನು ಇರುವ ತೊರೆಯಿಂದ ಅಂಥ ಶತ್ರುವಿಲ್ಲದ ತೊರೆಗೆ ಗಪ್ಪಿಗಳನ್ನು ಸಾಗಿಸಿ 11 ವರ್ಷ ಬಿಟ್ಟಾಗ, ಅವುಗಳ ವಂಶ ತಡವಾಗಿ ಬಲಿಯುವ, ಕಡಿಮೆ ಆದರೆ ದೊಡ್ಡ ಮರಿ ಹಾಕುವ ಕಡೆಗೆ ತಿರುಗಿತ್ತು. ಸುಲಭದ ತೀರ್ಮಾನಕ್ಕೆ ಬರುವ ಮುನ್ನ ಒಂದು ಮಾತು: ಅದೇ ತಂಡ ಮುಂದೆ ಪ್ರಯೋಗಾಲಯದಲ್ಲಿ ನೋಡಿದಾಗ ಶತ್ರುಗಳ ನಡುವಿನ ತೊರೆಯ ಗಪ್ಪಿಗಳು ಬೇಗ ಮುಪ್ಪಾಗಬೇಕೆಂಬ ನಿರೀಕ್ಷೆ ಸುಳ್ಳಾಗಿ, ಅವೇ ಹೆಚ್ಚು ಕಾಲ ಬದುಕಿದವು.

ತುಡುವೆಯ ಪೆಟ್ಟಿಗೆ: ಬೆಲೆ ಕೊಡುವವರು ಯಾರು

ಶಿರಸಿ, ಸಿದ್ದಾಪುರದ ಕಡೆ ತುಡುವೆ ಜೇನು ಸಾಕಿದವರು ಈ ಬರಹವನ್ನು ಓದುವಾಗಲೇ ಆಕ್ಷೇಪವೆತ್ತಿರುತ್ತಾರೆ. ದಿನಕ್ಕೆ ನೂರಾರು ಮೊಟ್ಟೆ ಇಡುವ ರಾಣಿ ಎರಡು ಮೂರು ವರ್ಷ ಬದುಕುತ್ತದೆ, ಒಂದು ಮೊಟ್ಟೆಯನ್ನೂ ಇಡದ ಕೆಲಸಗಾರ ನೊಣ ಕೆಲವೇ ವಾರಗಳಲ್ಲಿ ಸಾಯುತ್ತದೆ, ಹಾಗಾದರೆ ಲೆಕ್ಕ ತಲೆಕೆಳಗಲ್ಲವೇ? ಆಕ್ಷೇಪ ಸರಿಯಾಗಿದೆ. ರಾಣಿಗೂ ಕೆಲಸಗಾರ ನೊಣಕ್ಕೂ ವಂಶವಾಹಿಗಳಲ್ಲಿ ಭೇದವಿಲ್ಲ, ಭೇದವಿರುವುದು ಮರಿಹುಳುವಾಗಿದ್ದಾಗ ಸಿಕ್ಕ ಆಹಾರದಲ್ಲಿ ಮತ್ತು ಆಮೇಲಿನ ಬದುಕಿನಲ್ಲಿ. ರಾಣಿ ಆಹಾರ ಹುಡುಕುವುದಿಲ್ಲ, ಮರಿ ಸಾಕುವುದಿಲ್ಲ, ಪೆಟ್ಟಿಗೆ ಬಿಟ್ಟು ಹೊರಗೆ ಹೋಗುವುದೂ ಅಪರೂಪ. ಅದರ ಸಂತಾನದ ಖರ್ಚನ್ನು ಭರಿಸುವವು ಸಾವಿರಾರು ಕೆಲಸಗಾರ ನೊಣಗಳು. ಆದ್ದರಿಂದ ಪೆಟ್ಟಿಗೆಯನ್ನು ನೋಡುವಾಗ ಒಂದು ನೊಣವನ್ನು ಒಂದು ಪ್ರಾಣಿಯೆಂದು ಎಣಿಸದೆ ಇಡೀ ಕುಟುಂಬವನ್ನು ಒಂದು ಪ್ರಾಣಿಯೆಂದು ಎಣಿಸಿ. ಕುಟುಂಬ ಪಾಲಾದ (ಒಂದಷ್ಟು ನೊಣಗಳು ರಾಣಿಯೊಂದಿಗೆ ಬೇರೆಯಾಗಿ ಹಾರಿಹೋದ) ದಿನ, ಪಾಲಾದ ನಂತರ ತಾಯಿಪೆಟ್ಟಿಗೆಯಲ್ಲಿ ಉಳಿದ ಎರಿಗಳ ಸಂಖ್ಯೆ, ಮುಂದಿನ ಮಳೆಗಾಲವನ್ನು ಅದು ದಾಟಿತೇ ಇಲ್ಲವೇ ಎಂಬುದನ್ನು ಬರೆದಿಟ್ಟರೆ, ಹೆಚ್ಚು ಸಲ ಪಾಲಾದ ಕುಟುಂಬ ಎಷ್ಟು ಬಡವಾಗುತ್ತದೆಂಬುದು ತಿಳಿಯುತ್ತದೆ. ಗಂಡುನೊಣದ ಲೆಕ್ಕ ಮಾತ್ರ ಯಾವ ಪುಸ್ತಕವೂ ಬೇಡದಷ್ಟು ಸರಳ. ರಾಣಿಯೊಂದಿಗೆ ಕೂಡಿದ ಕ್ಷಣದಲ್ಲೇ ಅದು ಸಾಯುತ್ತದೆ.

ಮುಟ್ಟದೆ ನೋಡಬೇಕಾದವು

ಕಾಡು ಹಕ್ಕಿ, ಕಡಲಾಮೆಗಳ ಮೇಲೆ ನಾಣ್ಯ ಚಿಮ್ಮುವ ಅಧಿಕಾರ ನಮಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೂಡು ಮೊಟ್ಟೆಗಳನ್ನು ಮುಟ್ಟಗೊಡುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ವಿಜ್ಞಾನಿಗಳು ಕೆಸ್ಟ್ರೆಲ್ ಎಂಬ ಸಣ್ಣ ಡೇಗೆಯ ಗೂಡುಗಳಿಗೆ ಎರಡೆರಡು ಹೆಚ್ಚುವರಿ ಮರಿಗಳನ್ನು ಸೇರಿಸಿ ನೋಡಿದ್ದುಂಟು. ಸಾವಿನ ವರದಿ ಬಂದ ಹಕ್ಕಿಗಳಲ್ಲಿ, ಹೆಚ್ಚುವರಿ ಮರಿ ಸಾಕಿದ ತಂದೆತಾಯಿಗಳ ಪೈಕಿ ಶೇಕಡಾ 60ರಷ್ಟು ಮೊದಲ ಚಳಿಗಾಲ ಮುಗಿಯುವುದರೊಳಗೆ ಸತ್ತಿದ್ದವು, ಉಳಿದವುಗಳಲ್ಲಿ ಆ ಪ್ರಮಾಣ ಶೇಕಡಾ 29. ನಮಗೆ ಸಾಧ್ಯವಿರುವುದು ದೂರದಿಂದ ನೋಡುವುದು. ದಾಂಡೇಲಿಯ ಸುತ್ತಲಿನ ಮಂಗಟ್ಟೆ ಸಂರಕ್ಷಿತ ಪ್ರದೇಶವು 2011ರಲ್ಲಿ ಘೋಷಣೆಯಾದದ್ದು. ಅಲ್ಲಿ ದಾಸ ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡ ಮೇಲೆ ಗಂಡು ಗಂಟೆಗೆ ಎಷ್ಟು ಸಲ ಹಣ್ಣು ತರುತ್ತದೆಂದು ಬೈನಾಕ್ಯುಲರಿನಲ್ಲಿ ಎಣಿಸಿ. ತಿಂಗಳುಗಟ್ಟಲೆ ಈ ದುಡಿಮೆ ನಡೆದು ಕೊನೆಗೆ ಹೊರಬರುವುದು ಸಾಮಾನ್ಯವಾಗಿ ಒಂದೇ ಮರಿ. ಇದಕ್ಕೆ ವಿರುದ್ಧ ತುದಿಯಲ್ಲಿ, ಹೊನ್ನಾವರ ಮತ್ತು ಕಾರವಾರದ ಮರಳಿಗೆ ಚಳಿಗಾಲದಲ್ಲಿ ಬರುವ ಆಲಿವ್ ರಿಡ್ಲಿ ಕಡಲಾಮೆ ನೂರರಷ್ಟು ಮೊಟ್ಟೆ ಹೂತು ತಿರುಗಿ ನೋಡದೆ ಹೋಗುತ್ತದೆ. ಎರಡೂ ದೀರ್ಘಾಯುಷಿಗಳೇ. ಇಷ್ಟು ಬೇರೆ ಬೇರೆ ಕುಲದ ಪ್ರಾಣಿಗಳನ್ನು ಎದುರುಬದುರಿಟ್ಟು ಹೆಚ್ಚು ಮೊಟ್ಟೆ ಎಂದರೆ ಕಡಿಮೆ ಆಯುಷ್ಯ ಎನ್ನುವ ಚಾರ್ಟುಗಳು ಶಾಲೆಯ ಗೋಡೆಗೆ ಚಂದ, ಆಧಾರಕ್ಕೆ ದುರ್ಬಲ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಮರಳನ್ನು ಕೆದಕಬೇಡಿ.

ಕಾಲೇಜಿಗೆ ತಕ್ಕ ಪ್ರಯೋಗ

ಪಿಯು ಅಥವಾ ಪದವಿ ಪ್ರಯೋಗಾಲಯವಿದ್ದರೆ ಬಾಳೆಹಣ್ಣಿನ ಮೇಲೆ ಕೂರುವ ಡ್ರೊಸೊಫಿಲಾ ನೊಣದಲ್ಲಿ ಇಡೀ ಆಯುಷ್ಯವನ್ನೇ ಎರಡು ಮೂರು ತಿಂಗಳಲ್ಲಿ ನೋಡಬಹುದು. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಆರುತ್ತ ಬಂದಾಗ 7.5 ಮಿಲಿ ಪ್ರೊಪಿಯಾನಿಕ್ ಆಮ್ಲ ಬೆರೆಸಿ ಬಾಟಲಿಗೆ ಸುರಿಯಿರಿ. ಪ್ಯೂಪಾ ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಗಂಡು ಹೆಣ್ಣುಗಳನ್ನು ಬೇರ್ಪಡಿಸಿ. ಅರ್ಧದಷ್ಟು ಗಂಡುಗಳಿಗೆ ಪ್ರತಿದಿನ ಕೂಡದ ಹೆಣ್ಣುಗಳನ್ನು ಕೊಡಿ, ಉಳಿದರ್ಧಕ್ಕೆ ಆಗಲೇ ಕೂಡಿದ ಹೆಣ್ಣುಗಳನ್ನು ಕೊಡಿ; ಕೂಡಿದ ಹೆಣ್ಣು ಕೆಲವು ದಿನ ಮತ್ತೆ ಗಂಡನ್ನು ಒಪ್ಪುವುದು ಅಪರೂಪ, ಆದ್ದರಿಂದ ಎರಡೂ ಗುಂಪಿಗೆ ಜೊತೆ ಸಮಾನ, ವ್ಯತ್ಯಾಸ ಕೂಡುವುದರಲ್ಲಿ ಮಾತ್ರ. ಲಿಂಡಾ ಪಾರ್ಟ್ರಿಜ್ ಮತ್ತು ಮರಿಯನ್ ಫರ್ಕ್ಹರ್ 1981ರಲ್ಲಿ ಈ ಬಗೆಯಲ್ಲಿ ಮಾಡಿ, ಕೂಡಿದ ಗಂಡುಗಳ ಆಯುಷ್ಯ ಕಡಿಮೆಯಾಗುವುದನ್ನು ತೋರಿಸಿದರು. ಆಗ ಅವರು ಪ್ರತಿ ಗಂಡಿನ ಎದೆಭಾಗದ ಉದ್ದವನ್ನೂ ಅಳೆದಿದ್ದರು, ಏಕೆಂದರೆ ದೊಡ್ಡ ನೊಣಗಳು ಹೇಗೂ ಹೆಚ್ಚು ಬದುಕುತ್ತವೆ. ನನ್ನ ಗೊಬ್ಬರಗುಂಡಿಯ ಕೋಳಿಗಳ ಕಥೆಯೇ ಇದು.

ಬೆಲೆ ಕಂಡುಬಂದ ಮೇಲೂ ಅದು ಶಕ್ತಿಯ ಕೊರತೆಯಿಂದಲೇ ಆದದ್ದೆಂದು ವರದಿಯಲ್ಲಿ ಬರೆದುಬಿಡಬೇಡಿ. ಸಿ. ಎಲೆಗನ್ಸ್ ಎಂಬ ಸೂಕ್ಷ್ಮ ಹುಳುವಿನಲ್ಲಿ ಅಂಡ ಮತ್ತು ವೀರ್ಯವಾಗಬೇಕಾದ ಕೋಶಗಳನ್ನು ಮಾತ್ರ ನಾಶಮಾಡಿದರೆ ಆಯುಷ್ಯ ಹೆಚ್ಚುತ್ತದೆ, ಇಡೀ ಸಂತಾನಾಂಗವನ್ನೇ ತೆಗೆದರೆ ಹೆಚ್ಚುವುದಿಲ್ಲ; ಹುಳು ಎರಡು ಸಂದರ್ಭದಲ್ಲೂ ಬಂಜೆಯೇ. ಇದನ್ನು 1999ರಲ್ಲಿ ಸಿಂಥಿಯಾ ಕೆನ್ಯನ್ ಅವರ ಪ್ರಯೋಗಾಲಯ ತೋರಿಸಿತು. ಮೊಟ್ಟೆ ಕಾಯುತ್ತ ಉಣ್ಣದೆ ಸಾಯುವ ಆಕ್ಟೋಪಸ್ ತಾಯಿಯ ಕಣ್ಣಿನ ಹಿಂಬದಿಯ ಗ್ರಂಥಿಗಳನ್ನು 1977ರಲ್ಲಿ ಜೆರೋಮ್ ವೊಡಿನ್ಸ್ಕಿ ತೆಗೆದಾಗ ಅದು ಮೊಟ್ಟೆಗಳನ್ನು ಬಿಟ್ಟು, ಮತ್ತೆ ತಿಂದು, ಹೆಚ್ಚು ದಿನ ಬದುಕಿತು. ಇಲ್ಲೆಲ್ಲ ಶರೀರದೊಳಗಿನ ಸಂಕೇತಗಳೇ ಆಯುಷ್ಯದ ಹಗ್ಗವನ್ನು ಹಿಡಿದಿವೆ. ನಿಮ್ಮ ತಕ್ಕಡಿ ಹೇಳುವುದು ಎಷ್ಟು ಖರ್ಚಾಯಿತೆಂದು, ಯಾರ ಅಪ್ಪಣೆಯಿಂದ ಎಂದಲ್ಲ.

ನೊಣದ ಬಾಟಲಿಗಳನ್ನು ಮಳೆಗಾಲದಲ್ಲಿ ಶುರುಮಾಡದಿರುವುದು ಒಳ್ಳೆಯದು. ನಮ್ಮ ತೇವಕ್ಕೆ ಆಮ್ಲ ಹಾಕಿದರೂ ಮೂರನೆಯ ದಿನಕ್ಕೆ ಬೂಸು ಹಿಡಿಯುತ್ತದೆ, ನೊಣ ಸತ್ತದ್ದು ಮುಪ್ಪಿನಿಂದಲೋ ಬೂಸಿನಿಂದಲೋ ತಿಳಿಯದಾಗುತ್ತದೆ. ನವೆಂಬರಿನಲ್ಲಿ ಆರಂಭಿಸಿ, ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಇರುವೆಗಳನ್ನು ತಡೆದು, ವಾರಕ್ಕೆ ಎರಡು ಸಲ ಬಾಟಲಿ ಬದಲಿಸಿದರೆ ಪರೀಕ್ಷೆಗಳು ಹತ್ತಿರವಾಗುವ ಹೊತ್ತಿಗೆ ಕೊನೆಯ ನೊಣದ ದಿನಾಂಕವನ್ನೂ ಬರೆದಿರುತ್ತೀರಿ.